ಮಾತು ಕೇಳುವ ಬಿದಿರು

ನಮ್ಮಪ್ಪನಿಗೆ ನಮ್ಯತೆ ಎಂಬ ಪದ ಗೊತ್ತಿರಲಿಲ್ಲ. ಅರವತ್ತು ವರ್ಷ ಬಿದಿರು ಸೀಳಿ, ಬಾಗಿಸಿ, ಹೆಣೆದು ಸಂಸಾರ ಸಾಕಿದವರು ಅವರು. ಹುಣಸೂರಿನ ನಮ್ಮ ಕೇರಿಯಲ್ಲಿ ಜಗಲಿ ಜಗಲಿಯ ಮೇಲೂ ಇದೇ ಕೆಲಸ ನಡೆಯುತ್ತಿತ್ತು. ಗಾಡಿಯಿಂದ ಇಳಿಸಿದ ಬೊಂಬಿನ ರಾಶಿಯ ಮುಂದೆ ಅಪ್ಪ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೂ ಸವರಿ, ಮಚ್ಚಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಸದ್ದು ಕೇಳಿ, ಎರಡು ಪಾಲು ಮಾಡುತ್ತಿದ್ದರು. ಎಡಕ್ಕೆ ಹಾಕಿದ್ದು ಬುಟ್ಟಿಗೆ, ಮೊರಕ್ಕೆ. ಬಲಕ್ಕೆ ಹಾಕಿದ್ದು ಏಣಿಗೆ, ಚಪ್ಪರಕ್ಕೆ.

"ಇದು ಮಾತ್ ಕೇಳ್ತದೆ ಕಣವ್ವ. ಅದು ಕೇಳಾಕಿಲ್ಲ" ಎನ್ನುತ್ತಿದ್ದರು.

ಆಮೇಲೆ ನಾನು ಓದಿ ಹೈಸ್ಕೂಲಿನ ಕನ್ನಡ ಮೇಷ್ಟ್ರಾದೆ. 31 ವರ್ಷ ಪಾಠ ಹೇಳಿ ನಿವೃತ್ತಳಾದೆ. ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಿಯುಸಿಯ ರಾಜ್ಯಶಾಸ್ತ್ರದ ನೋಟ್ಸ್ ಹಿಡಿದು ಮನೆಗೆ ಬಂದಳು. "ಮಿಸ್, ನಮ್ಯ ಸಂವಿಧಾನ, ಅನಮ್ಯ ಸಂವಿಧಾನ ಅಂತ ಎರಡಿದೆ. ನಮ್ಯ ಅಂದ್ರೆ ಏನು?" ಎಂದು ಕೇಳಿದಳು. "ಸುಲಭವಾಗಿ ಬಾಗುವಂಥದ್ದು" ಎಂದೆ. ಅವಳು ಬರೆದುಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಕೇಳಿದಳು: "ಬಾಗೋದು ಒಳ್ಳೇದೋ ಕೆಟ್ಟದ್ದೋ ಮಿಸ್?"

ಈ ಬರಹ ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ.

ಒಂದು ಬಾಗಿಗೆ ಎಷ್ಟು ಮಾತು

ನಮ್ಯತೆ ಸಂಸ್ಕೃತದಿಂದ ಬಂದ ಪದ. ಇದರ ಬೇರು 'ನಮ್', ಅಂದರೆ ಬಾಗು. ಇದೇ ಬೇರಿನಿಂದ ನಮಸ್ಕಾರ ಬಂದಿದೆ, ನಮನ, ನಮ್ರತೆ, ಪ್ರಣಾಮ ಬಂದಿವೆ. ಇವೆಲ್ಲ ತಲೆ ಬಾಗಿಸುವ ಮಾತುಗಳು ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ತಿಳಿಯದವು ಇನ್ನೂ ಮೂರಿವೆ. ಉನ್ನತಿ ಎಂದರೆ ಮೇಲಕ್ಕೆ ಬಾಗುವುದು. ಅವನತಿ ಎಂದರೆ ಕೆಳಕ್ಕೆ ಬಾಗುವುದು. ಪರಿಣಾಮ ಎಂದರೆ ಬಾಗಿ ಬೇರೊಂದು ರೂಪಕ್ಕೆ ತಿರುಗುವುದು. ಏಳಿಗೆಗೂ ಬೀಳುವಿಕೆಗೂ ಬದಲಾವಣೆಗೂ ಒಂದೇ ಬೇರು. ಬಾಗುವುದು ಒಳ್ಳೆಯದೋ ಕೆಟ್ಟದ್ದೋ ಎಂದರೆ, ಯಾವ ಕಡೆಗೆ ಎಂದು ಮೊದಲು ಕೇಳಬೇಕು ಅಂತ ಆ ಬೇರೇ ಹೇಳುತ್ತದೆ.

ಇನ್ನು ನಮ್ಮ ಮನೆಮಾತಿಗೆ ಬಂದರೆ ಈ ಒಂದು ಕೆಲಸಕ್ಕೆ ಎಷ್ಟೊಂದು ಪದಗಳಿವೆ! ಅಂಗಳದಲ್ಲಿ ಕಸ ಗುಡಿಸುವವಳು ಬಗ್ಗುತ್ತಾಳೆ. ಕಾಳು ಕಟ್ಟಿದ ಭತ್ತದ ತೆನೆ ಬಾಗುತ್ತದೆ. ಗಾಳಿಗೆ ಸಿಕ್ಕ ಬಳ್ಳಿ ಬಳುಕುತ್ತದೆ. ಜನ ಬೀದಿಗಿಳಿದರೆ ಸರ್ಕಾರ ಮಣಿಯುತ್ತದೆ. ಹಳೆಯ ಮಂಚದ ನವಾರು ಜಗ್ಗುತ್ತದೆ. ಬೈಗುಳ ತಿಂದ ಮಗು ಕುಗ್ಗುತ್ತದೆ. ಗಂಟು ಸಡಿಲವಾಗುತ್ತದೆ. ಮಲೆನಾಡಿಗೆ ವರ್ಗವಾಗಿ ಹೋದವರಿಗೆ ಎರಡು ಮಳೆಗಾಲ ಕಳೆದ ಮೇಲೆ ಅಲ್ಲಿನ ನೀರು ಒಗ್ಗುತ್ತದೆ. ಇವನ್ನು ಒಂದರ ಜಾಗದಲ್ಲಿ ಒಂದನ್ನು ಇಟ್ಟು ನೋಡಿ. ತೆನೆ ಮಣಿಯಿತು ಎಂದರೆ ಯಾರೋ ಅದನ್ನು ಒತ್ತಿದರು ಎನಿಸುತ್ತದೆ. ಸರ್ಕಾರ ಬಳುಕಿತು ಎನ್ನಲಾಗದು.

ಯಾಕೆಂದರೆ ಈ ಪ್ರತಿ ಪದವೂ ಬಾಗಿದ್ದನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ಬಾಗಿಸಿದ್ದು ಯಾರು, ಬಾಗಿದ ಮೇಲೆ ಏನಾಯಿತು ಎಂಬುದನ್ನೂ ಹೇಳುತ್ತದೆ. ಬಳುಕಿದ್ದು ಮತ್ತೆ ನೆಟ್ಟಗಾಗುತ್ತದೆ. ಮಣಿದದ್ದಕ್ಕೆ ಎದುರಿಗೊಂದು ಬಲ ಇರುತ್ತದೆ. ಬಾಗಿದ ತೆನೆಗೆ ತನ್ನೊಳಗಿನ ಕಾಳಿನ ತೂಕವೇ ಕಾರಣ. ಕುಗ್ಗಿದ್ದು ಒಳಗೇ ಚಿಕ್ಕದಾಗಿರುತ್ತದೆ. ಒಗ್ಗುವುದಕ್ಕೆ ಕಾಲ ಬೇಕು, ಅವಸರದಲ್ಲಿ ಯಾರಿಗೂ ಏನೂ ಒಗ್ಗುವುದಿಲ್ಲ.

ಕೈಯಲ್ಲಿ ತೊಡುವ ಬಳೆ ಕೂಡ ಬಾಗಿನ ಮನೆತನದ್ದೇ. ತಮಿಳಿನ 'ವಳೈ' ಎಂಬ ಮಾತಿಗೆ ಬಾಗು ಎಂಬ ಅರ್ಥವೂ ಇದೆ, ಬಳೆ ಎಂಬ ಅರ್ಥವೂ ಇದೆ. ನಮ್ಮ ಬಳಸು ದಾರಿಯೂ ಆ ಬಳಗದ್ದೇ. ಬಾಗಿಲು ಎಂಬ ಪದ ಮಾತ್ರ ಈ ಬಳಗದ್ದಲ್ಲ. ಹಳೆಯ ಮನೆಗಳ ತಗ್ಗು ಬಾಗಿಲಲ್ಲಿ ಬಾಗಿ ಹೋಗಬೇಕು, ಅದಕ್ಕೇ ಅದು ಬಾಗಿಲು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನಾನೂ ತರಗತಿಯಲ್ಲಿ ಹಾಗೇ ಹೇಳಿಕೊಟ್ಟಿದ್ದೆ. ಅದು ತಮಿಳಿನ 'ವಾಯಿಲ್' ಎಂಬುದರ ಒಡಹುಟ್ಟು, ಅಂದರೆ ಮನೆಯ ಬಾಯಿ, ಎಂದು ಆಮೇಲೆ ತಿಳಿಯಿತು. ಮುಂದಿನ ವರ್ಷದ ಮಕ್ಕಳಿಗೆ ತಿದ್ದಿ ಹೇಳಿದೆ.

ಇಂಗ್ಲಿಷಿನ 'ಫ್ಲೆಕ್ಸಿಬಲ್' ಈಗ ಹಳ್ಳಿಹಳ್ಳಿಗೂ ಬಂದಿದೆ. ಅದರ ಮೊದಲರ್ಧ ಇನ್ನೊಂದು ದಾರಿಯಿಂದ ಮೊದಲೇ ಬಂದಿತ್ತು. ಹುಟ್ಟುಹಬ್ಬಕ್ಕೂ ಊರಹಬ್ಬಕ್ಕೂ ಸರ್ಕಲ್ಲಿನಲ್ಲಿ ಕಟ್ಟುವ ಫ್ಲೆಕ್ಸ್ ಅದೇ ಪದ. ಸುರುಳಿ ಸುತ್ತಿದರೂ ಮುರಿಯದ, ಬಿಚ್ಚಿದರೆ ಹರಡಿಕೊಳ್ಳುವ ಹಾಳೆ ಎಂಬುದಕ್ಕೆ ಆ ಹೆಸರು.

ಹದ ಎಂಬುದು

ಅಪ್ಪನ ಜಗಲಿಗೆ ಹೋಗೋಣ. ಬಿದಿರು ಮರವಲ್ಲ, ಹುಲ್ಲಿನ ಜಾತಿಯದು. ಟೊಳ್ಳು ಕೊಳವೆ, ನಡುನಡುವೆ ಗೆಣ್ಣು. ಬುಟ್ಟಿಗೆ ಎರಡು ವರ್ಷದ ಆಸುಪಾಸಿನ ಎಳೆಬಿದಿರು ಬೇಕು. ಏಣಿಗಾದರೆ ಮೂರು ನಾಲ್ಕು ವರ್ಷ ಬಲಿತದ್ದು ಬೇಕು. ಅದೇ ವರ್ಷ ಮೇಲೆದ್ದದ್ದು ಯಾವುದಕ್ಕೂ ಬಾರದು. ಹೇಗೆ ಬೇಕಾದರೂ ಬಾಗುತ್ತದೆ, ಆದರೆ ಒಣಗಿದಾಗ ಸುರುಟಿಕೊಂಡು ಹೋಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮಕ್ಕಳನ್ನು ಗದರಿಸುವವರು ಈ ಮಾತನ್ನೂ ಕೇಳಿಸಿಕೊಳ್ಳಬೇಕು. ತೀರಾ ಎಳೆಯದನ್ನು ಬಗ್ಗಿಸಿದರೆ ಅದು ಆಕಾರ ಹಿಡಿಯುವುದಿಲ್ಲ, ಸೊರಗುತ್ತದೆ.

ಅಪ್ಪ ಬೊಂಬನ್ನು ಸೀಳಿ ದಬ್ಬೆ ಮಾಡುತ್ತಿದ್ದರು. ದಬ್ಬೆಯ ಒಳಮೈಯ ಮೆದು ತಿರುಳನ್ನು ಕತ್ತಿಯಿಂದ ಎರೆದು ತೆಗೆದು, ಹಸಿರು ಸಿಪ್ಪೆಯ ಮೈ ಉಳಿಸಿಕೊಳ್ಳುತ್ತಿದ್ದರು. ಬಿದಿರಿನ ಗಟ್ಟಿ ನಾರೆಲ್ಲ ಹೊರಮೈಯಲ್ಲೇ ಒತ್ತಾಗಿರುತ್ತದೆ. ದಬ್ಬೆ ತೆಳುವಾದಷ್ಟೂ ಬಾಗುವುದು ಸುಲಭ. ಎಷ್ಟು ಸುಲಭ ಎಂಬುದಕ್ಕೆ ಎಂಜಿನಿಯರುಗಳ ಲೆಕ್ಕವೇ ಇದೆ: ದಪ್ಪ ಅರ್ಧಕ್ಕಿಳಿದರೆ ಬಗ್ಗಿಸಲು ಬೇಕಾದ ಬಲ 8ರಲ್ಲಿ 1 ಪಾಲಿಗೆ ಇಳಿಯುತ್ತದೆ. ಅಪ್ಪನಿಗೆ ಆ ಲೆಕ್ಕ ಹೆಬ್ಬೆರಳಲ್ಲಿತ್ತು.

ಆಮೇಲೆ ನೀರು. ಒಣಗಿದ ದಬ್ಬೆಯನ್ನು ತೊಟ್ಟಿಯಲ್ಲಿ ನೆನೆಹಾಕಿ ಮೇಲೆ ಕಲ್ಲು ಹೇರುತ್ತಿದ್ದರು. ಬುಟ್ಟಿಯ ಬಾಯಿಕಟ್ಟಿಗೆ ಬೇಕಾದ ದಪ್ಪ ದಬ್ಬೆಗಾದರೆ ನೀರು ಸಾಲದು, ಕಾವು ಬೇಕು. ಒಲೆಯ ಕೆಂಡದ ಮೇಲೆ ಹಿಂದೆ ಮುಂದೆ ಆಡಿಸಿ, ಮೈ ಬೆವರಿದಂತೆ ಕಂಡಾಗ, ಮಂಡಿಗೆ ಒತ್ತಿ ನಿಧಾನ ಬಾಗಿಸುತ್ತಿದ್ದರು. ಬಿದಿರಿನ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು ಬಿಸಿಗೂ ತೇವಕ್ಕೂ ಮೆತ್ತಗಾಗುತ್ತದೆ, ಆರಿದಾಗ ಹೊಸ ಆಕಾರದಲ್ಲೇ ಬಿಗಿಯುತ್ತದೆ. ಅವಸರ ಮಾಡಿದರೆ ಚಟ್ಟನೆ ಸಿಬಿರು ಏಳುತ್ತಿತ್ತು. ಆ ಸಿಬಿರು ಕೈಗೆ ಚುಚ್ಚಿದರೆ ಅಪ್ಪ ಬಿದಿರನ್ನು ಬೈದದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. "ನಂದೇ ತಪ್ಪು, ಹದ ನೋಡ್ಲಿಲ್ಲ" ಎನ್ನುತ್ತಿದ್ದರು.

ಇದೊಂದು ಮಾತಿನಲ್ಲಿ ನಾನು ಹೇಳಬೇಕಾದದ್ದೆಲ್ಲ ಇದೆ. ಬಾಗಲಿಲ್ಲ ಎಂಬುದು ಬಿದಿರಿನ ದೋಷವಲ್ಲ. ಬಾಗು ಎಂದು ಕೇಳುವವರ ಮೇಲೆ ಹದ ಮಾಡುವ ಹೊಣೆ ಇರುತ್ತದೆ.

ಗೆಣ್ಣಿನ ಸಂಗತಿಯೊಂದಿದೆ. ದಬ್ಬೆ ಎಲ್ಲೆಡೆ ಬಾಗಿದರೂ ಗೆಣ್ಣಿನಲ್ಲಿ ಬಾಗುವುದಿಲ್ಲ. ಕೆಲಸ ಕಲಿಯುತ್ತಿದ್ದ ನನ್ನ ಅಣ್ಣ ಒಂದು ಸಲ ಗೆಣ್ಣು ಅಡ್ಡ ಬರುತ್ತದೆಂದು ಪೂರಾ ಎರೆದುಬಿಟ್ಟ. ದಬ್ಬೆ ಅಲ್ಲೇ ಮುರಿಯಿತು. ಅಪ್ಪ ಅವನ ಪಕ್ಕ ಕೂತು ಇನ್ನೊಂದು ದಬ್ಬೆ ಎತ್ತಿಕೊಂಡರು. ಗೆಣ್ಣಿನ ಉಬ್ಬನ್ನಷ್ಟೇ ಕೆರೆದು ನಯ ಮಾಡಿ, ಅದನ್ನು ಬಾಗಿನ ತಿರುವಿಗೆ ಸಿಗದಂತೆ ನೇರ ಬರುವ ಕಡೆಗೆ ಜರುಗಿಸಿ ಹೆಣೆದು ತೋರಿಸಿದರು. "ಗೆಣ್ಣು ಉಳಿಸ್ಕಂಡ್ ಬಗ್ಗಿಸ್ಬೇಕು ಮಗಾ. ಗೆಣ್ಣು ಇರೋದ್ರಿಂದ್ಲೇ ಅದು ಬಿದಿರು." ನಿಂತ ಬಿದಿರಿನಲ್ಲೂ ಹಾಗೆಯೇ. ಬರೀ ಟೊಳ್ಳು ಕೊಳವೆಯಾಗಿದ್ದರೆ ಗಾಳಿಗೆ ಬಾಗಿದಾಗ ಚಪ್ಪಟೆಯಾಗಿ ಮಡಚಿಕೊಳ್ಳುತ್ತಿತ್ತು. ಒಳಗೆ ಅಡ್ಡ ನಿಂತ ಗೆಣ್ಣಿನ ಬಿಲ್ಲೆಗಳು ಅದನ್ನು ತಡೆಯುತ್ತವೆ. ಬಾಗದ ಭಾಗ ಇರುವುದರಿಂದಲೇ ಬಿದಿರು ಅಷ್ಟು ಬಾಗಬಲ್ಲದು.

ಎಳೆದರೆ ಹಿಂದಕ್ಕೆ ಹೋಗುವ ಕಣಕ

ಅಪ್ಪನಿಗೆ ಬಿದಿರಿನಲ್ಲಿದ್ದ ಜ್ಞಾನ ಅವ್ವನಿಗೆ ಹಿಟ್ಟಿನಲ್ಲಿತ್ತು. ಯುಗಾದಿಗೆ ಒಬ್ಬಟ್ಟು ಮಾಡುವ ದಿನ ಬೆಳಗ್ಗೆಯೇ ಮೈದಾ, ಚಿರೋಟಿ ರವೆ, ಚಿಟಿಕೆ ಅರಿಸಿನ ಹಾಕಿ ಕಣಕ ಕಲೆಸಿ, ನಾದಿ, ಎಣ್ಣೆ ಹುಯ್ದು ಮುಚ್ಚಿಡುತ್ತಿದ್ದಳು. ನಾನು ತಾಳ್ಮೆಯಿಲ್ಲದೆ ಆಗಲೇ ಒಂದು ಉಂಡೆ ಕಿತ್ತು ತಟ್ಟಲು ಹೋದರೆ ಅದು ರಬ್ಬರಿನಂತೆ ಹಿಂದಕ್ಕೆ ಹೋಗುತ್ತಿತ್ತು. ಜೋರಾಗಿ ಎಳೆದರೆ ಹರಿಯುತ್ತಿತ್ತು. ಎರಡು ಮೂರು ಗಂಟೆ ನೆನೆದ ಮೇಲೆ ಅದೇ ಕಣಕ ಬೆರಳಲ್ಲಿ ತಳ್ಳಿದಷ್ಟೂ ಹಿಗ್ಗಿ, ಹಿಗ್ಗಿದಲ್ಲೇ ನಿಲ್ಲುತ್ತಿತ್ತು. ಒಳಗಿನ ಹೂರಣ ಕಾಣುವಷ್ಟು ತೆಳುವಾದರೂ ಹರಿಯುತ್ತಿರಲಿಲ್ಲ. ಗೋಧಿಯ ಹಿಟ್ಟು ನೀರು ಕುಡಿದಾಗ ಗ್ಲುಟನ್ ಎಂಬ ಅಂಟುಜಾಲ ಕಟ್ಟುತ್ತದೆ. ನಾದಿದಾಗ ಬಿಗಿದುಕೊಂಡ ಆ ಜಾಲ ನೆನೆಯುತ್ತಾ ಸಡಿಲಗೊಳ್ಳುತ್ತದೆ.

ಭೌತಶಾಸ್ತ್ರ ಎರಡು ಬೇರೆ ಬೇರೆ ಹೆಸರು ಕೊಟ್ಟಿರುವ ಗುಣಗಳು ಹೀಗೆ ಒಂದೇ ಪಾತ್ರೆಯಲ್ಲಿ ಕಾಣುತ್ತವೆ. ಬಲ ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಮರಳುವುದು ಸ್ಥಿತಿಸ್ಥಾಪಕತೆ. ಹೆಸರೇ ಹೇಳುವಂತೆ, ತನ್ನ ಸ್ಥಿತಿಯನ್ನು ಮತ್ತೆ ಸ್ಥಾಪಿಸಿಕೊಳ್ಳುವುದು. ಇನ್ನೊಂದು, ಬಾಗಿದಲ್ಲೇ, ಹಿಗ್ಗಿದಲ್ಲೇ ನಿಂತುಬಿಡುವ ಗುಣ. ಬಡಿದರೆ ತಗಡಾಗುವ ಕುಟ್ಯತೆ, ಎಳೆದರೆ ತಂತಿಯಾಗುವ ತನ್ಯತೆ ಈ ಎರಡನೆಯದರ ಕಡೆಯವು. ಚಿನ್ನದ ಕೆಲಸದವರು ನಂಬಿರುವುದು ಇವನ್ನೇ.

ನನಗೆ ಬಹಳ ದಿನ ಅಚ್ಚರಿ ತಂದ ಸಂಗತಿಯೊಂದಿದೆ. ವಿಜ್ಞಾನದ ಲೆಕ್ಕದಲ್ಲಿ ರಬ್ಬರಿಗಿಂತ ಉಕ್ಕೇ ಹೆಚ್ಚು ಸ್ಥಿತಿಸ್ಥಾಪಕ. ಎಷ್ಟು ದೂರ ಹಿಗ್ಗುತ್ತದೆ ಎಂಬುದು ಅಲ್ಲಿ ಮುಖ್ಯವಲ್ಲ, ಆಕಾರ ಕೆಡಿಸಲು ಬಂದ ಬಲವನ್ನು ಎಷ್ಟು ಗಟ್ಟಿಯಾಗಿ ಎದುರಿಸಿ ಮರಳುತ್ತದೆ ಎಂಬುದು ಮುಖ್ಯ. ಎಳೆದಷ್ಟೂ ಹಿಗ್ಗುವ ಸ್ಪ್ರಿಂಗಿನ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಆ ನಿಯಮಕ್ಕೊಂದು ಎಲ್ಲೆಯಿದೆ. ಎಲ್ಲೆ ದಾಟಿ ಎಳೆದ ಸ್ಪ್ರಿಂಗು ಮತ್ತೆ ಸ್ಪ್ರಿಂಗಾಗುವುದಿಲ್ಲ.

ಬಾಗಿದ ದಬ್ಬೆಯನ್ನು ಅಡ್ಡದಿಂದ ನೋಡಿದರೆ ಇನ್ನೊಂದು ಚಂದವಿದೆ. ಹೊರಮೈ ಹಿಗ್ಗಿರುತ್ತದೆ, ಒಳಮೈ ಕುಗ್ಗಿರುತ್ತದೆ, ನಡುವೆ ಎಲ್ಲೋ ಒಂದು ಪದರ ಹಿಗ್ಗದೆ ಕುಗ್ಗದೆ ತನ್ನ ಉದ್ದ ಉಳಿಸಿಕೊಂಡಿರುತ್ತದೆ. ಹಿಗ್ಗದೆ ಕುಗ್ಗದೆ ಇರು ಎಂದು ಹಿರಿಯರು ಹರಸುವಾಗ ನನಗೆ ಆ ಪದರ ನೆನಪಾಗುತ್ತದೆ.

ಹಿಡಿದುಕೊಂಡ ಭುಜ

ನನಗೆ 53 ಆಗಿದ್ದಾಗ ಬಲಭುಜ ಹಿಡಿದುಕೊಂಡಿತು. ಬೋರ್ಡಿನ ಮೇಲ್ತುದಿಗೆ ಕೈ ಏರುತ್ತಿರಲಿಲ್ಲ, ಜಡೆ ಹೆಣೆದುಕೊಳ್ಳಲು ಆಗುತ್ತಿರಲಿಲ್ಲ. ಯಾರೋ ಹೇಳಿದರೆಂದು ಮಾಲೀಶು ಮಾಡುವವರೊಬ್ಬರ ಹತ್ತಿರ ಹೋದೆ. ಅವರು ಕೈ ಹಿಡಿದು ಒಮ್ಮೆಲೇ ಜಗ್ಗಿದರು. ಆ ರಾತ್ರಿ ಪೂರಾ ನಿದ್ದೆಯಿಲ್ಲ, ಮಾರನೇ ದಿನ ಕೈ ಇನ್ನೂ ಕೆಳಗಿಳಿದಿತ್ತು.

ಕೊನೆಗೆ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ಇದಕ್ಕೆ ಫ್ರೋಜನ್ ಶೋಲ್ಡರ್ ಎನ್ನುತ್ತಾರಂತೆ. ನಲವತ್ತರಿಂದ ಅರವತ್ತರೊಳಗೆ ಹೆಚ್ಚು, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ಕೀಲನ್ನು ಸುತ್ತಿರುವ ಚೀಲದಂಥ ಪೊರೆ ದಪ್ಪವಾಗಿ ಬಿಗಿದುಕೊಳ್ಳುತ್ತದೆ. ಅವಳು ಮೊದಲು ಭುಜಕ್ಕೆ ಬಿಸಿ ಇಟ್ಟಳು. ಆಮೇಲೆ ಗೋಡೆಯ ಪಕ್ಕ ನಿಲ್ಲಿಸಿ, ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಲು ಹೇಳಿದಳು. ನೋವು ಶುರುವಾಗುವ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದಳು. "ಇವತ್ತು ಇಲ್ಲಿವರೆಗೆ ಸಾಕು ಆಂಟಿ." ಮೊದಲು ಕಾವು, ಆಮೇಲೆ ಬಾಗು. ಅಪ್ಪ ಕೆಂಡದ ಮೇಲೆ ದಬ್ಬೆ ಆಡಿಸುತ್ತಿದ್ದುದು ಕಣ್ಣ ಮುಂದೆ ಬಂತು. ಎಂಟು ತಿಂಗಳು ಹಿಡಿಯಿತು. ನಮ್ಮ ಮನೆಯ ಗೋಡೆಯ ಮೇಲೆ ಆ ಪೆನ್ಸಿಲ್ ಗೆರೆಗಳು ಏಣಿಯ ಮೆಟ್ಟಿಲಂತೆ ಇನ್ನೂ ಇವೆ. ಸುಣ್ಣ ಹೊಡೆಸುವಾಗ ಆ ಭಾಗ ಬಿಡಿಸಿದ್ದೇನೆ.

ಮೈ ಬಾಗುವುದು ಹುಟ್ಟಿನಿಂದ ಬಂದ ವರ ಎಂದು ನಂಬಿದವರಿಗೆ ನಮ್ಮದೇ ನೆಲದ ಬಿ. ಕೆ. ಎಸ್. ಅಯ್ಯಂಗಾರರ ಬದುಕಿನಲ್ಲಿ ಉತ್ತರವಿದೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ, ಇನ್‌ಫ್ಲುಯೆನ್ಜಾ ಹಬ್ಬಿದ್ದ ಕಾಲದಲ್ಲಿ ಹುಟ್ಟಿದ ಮಗು ಅದು. ಬಾಲ್ಯವೆಲ್ಲ ಕಾಯಿಲೆ: ಮಲೇರಿಯಾ, ಟೈಫಾಯಿಡ್, ಕ್ಷಯ. 1934ರಲ್ಲಿ ಮೈಸೂರಿಗೆ ಅಕ್ಕನ ಮನೆಗೆ ಬಂದಾಗ ಸೊರಗಿ ಪೆಡಸಾಗಿದ್ದ ಮೈ. ಭಾವ ತಿರುಮಲೈ ಕೃಷ್ಣಮಾಚಾರ್ಯರು ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸುತ್ತಿದ್ದರು. ಆ ಹುಡುಗನೇ ಮುಂದೆ ಪುಣೆಯಲ್ಲಿ ನೆಲೆಸಿ ಜಗತ್ತಿಗೆ ಯೋಗ ಕಲಿಸಿದರು.

ಅವರು ಮಾಡಿದ ದೊಡ್ಡ ಕೆಲಸ ತಾವು ಬಾಗಿದ್ದಷ್ಟೇ ಅಲ್ಲ. ಬಾಗಲಾರದವರಿಗಾಗಿ ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಕುರ್ಚಿಗಳನ್ನು ಯೋಗದೊಳಕ್ಕೆ ತಂದರು. ಕೈ ನೆಲ ಮುಟ್ಟದಿದ್ದರೆ ಕೈಯನ್ನು ಕೆಳಕ್ಕೆ ಒತ್ತುವುದರ ಬದಲು, ಇಟ್ಟಿಗೆಯೊಂದನ್ನು ಇಟ್ಟು ನೆಲವನ್ನೇ ಕೈಯ ಹತ್ತಿರಕ್ಕೆ ತಂದರು. ಬಾಗು ಎಂದು ಕೇಳುವವರು ಹೀಗಿರಬೇಕು.

1973ರ ಎರಡು ಬಾಗು

ಈಗ ಆ ಹುಡುಗಿಯ ನೋಟ್ಸಿಗೆ ಬರೋಣ. ಸುಲಭವಾಗಿ ತಿದ್ದಬಹುದಾದದ್ದು ನಮ್ಯ ಸಂವಿಧಾನ, ತಿದ್ದಲು ಕಷ್ಟವಾದದ್ದು ಅನಮ್ಯ ಸಂವಿಧಾನ. ನಮ್ಮದು ಎರಡೂ ಸೇರಿದ್ದು. ಕೆಲವು ಸಂಗತಿಗಳನ್ನು ಸಂಸತ್ತು ಸಾಮಾನ್ಯ ಬಹುಮತದಿಂದಲೇ ಬದಲಿಸಬಹುದು. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕವಾದದ್ದು ಹಾಗೆಯೇ, ಸಂಸತ್ತಿನ ಒಂದು ಸಾಮಾನ್ಯ ಕಾಯ್ದೆಯಿಂದ. ಇನ್ನು ಕೆಲವಕ್ಕೆ ಎರಡೂ ಸದನಗಳಲ್ಲಿ ಹಾಜರಿದ್ದು ಮತ ಹಾಕುವವರ ಮೂರನೇ ಎರಡರಷ್ಟು ಬೆಂಬಲ ಬೇಕು, ಸದನದ ಒಟ್ಟು ಸದಸ್ಯರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು. ರಾಜ್ಯಗಳ ಅಧಿಕಾರವನ್ನು ಮುಟ್ಟುವ ತಿದ್ದುಪಡಿಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ದಪ್ಪ ದಬ್ಬೆಗೆ ನೀರು ಸಾಲದು, ಕಾವು ಬೇಕು ಎಂದ ಹಾಗೆ. 2023ರ ಹೊತ್ತಿಗೆ ಸಂವಿಧಾನ 106 ಸಲ ತಿದ್ದುಪಡಿಯಾಗಿತ್ತು.

ಹಾಗಾದರೆ ಎಲ್ಲವನ್ನೂ ಬಾಗಿಸಬಹುದೇ? ಆ ಪ್ರಶ್ನೆ ಕೇಳುವುದಕ್ಕೆ ಕಾರಣರಾದವರು ಗಡಿನಾಡಿನ ಕನ್ನಡ ಮಠವೊಂದರ ಸ್ವಾಮಿಗಳು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರು ಕೇರಳದ ಭೂಸುಧಾರಣೆಯ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಿಚಾರಣೆ ನಡೆಸಿ, 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡಿಸುವಂತಿಲ್ಲ ಎಂಬುದು ಅದರ ಸಾರ. ಆ ತೀರ್ಪಿನ ಬಗ್ಗೆ ಓದುತ್ತಾ ಹೋದಂತೆ ನನಗೆ ಅಣ್ಣ ಮುರಿದ ದಬ್ಬೆ ಕಾಣಿಸಿತು. ಗೆಣ್ಣು ಉಳಿಸಿಕೊಂಡು ಬಗ್ಗಿಸಬೇಕು.

ಬಾಗಬೇಕಾದ ಕಡೆ ಬಾಗದ ಕಾನೂನೂ ನಮ್ಮ ಕೇರಿಗೆ ಗೊತ್ತು. 1927ರ ಅರಣ್ಯ ಕಾಯ್ದೆಯಲ್ಲಿ ಬಿದಿರನ್ನೂ ಮರದ ಪಟ್ಟಿಗೆ ಸೇರಿಸಿದ್ದರು. ಹೊಲದ ಬದುವಿನಲ್ಲಿ ತಾನೇ ಬೆಳೆಸಿದ ಬಿದಿರನ್ನು ಕಡಿದು ಸಾಗಿಸಲು ರೈತ ಪರವಾನಗಿಗೆ ಅಲೆಯಬೇಕಾಗುತ್ತಿತ್ತು, ಅದನ್ನು ಕೊಳ್ಳುವ ಅಪ್ಪನಂಥವರು ಅಂಜುತ್ತಿದ್ದರು. ಹುಲ್ಲನ್ನು ಮರವೆಂದ ಆ ಸಾಲು 90 ವರ್ಷ ಹಾಗೇ ಇತ್ತು. 2017ರ ನವೆಂಬರಿನಲ್ಲಿ ತಿದ್ದುಪಡಿಯಾಗಿ, ಕಾಡಿನ ಹೊರಗೆ ಬೆಳೆದ ಬಿದಿರಿಗೆ ಆ ಬಿಗಿ ಸಡಿಲವಾಯಿತು. ಅದನ್ನು ಕೇಳಲು ಅಪ್ಪ ಇರಲಿಲ್ಲ.

ಅಡ್ಜಸ್ಟ್ ಮಾಡ್ಕೊಳ್ಳಿ

'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂಬ ಮಾತಿಲ್ಲದೆ ನಮ್ಮ ಬಸ್ಸುಗಳು ಓಡಲಾರವು. ಅದರ ಚೆಲುವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂವರು ಕೂರುವ ಸೀಟಿಗೆ ಮಗು ಹೊತ್ತ ಬಾಣಂತಿಯೊಬ್ಬಳು ಬಂದಾಗ, ಕಿಟಕಿಯ ಪಕ್ಕದಾಕೆ ನಾಲ್ಕು ಬೆರಳು ಸರಿದಳು, ನಡುವಿನ ಅಜ್ಜಿ ಚೀಲವನ್ನು ತೊಡೆಗೆ ಎಳೆದುಕೊಂಡಳು, ನಾನು ಒಂದು ಮಗ್ಗುಲಾದೆ. ಜಾಗ ಹುಟ್ಟಿತು. ಎಲ್ಲರೂ ಒಂದಿಷ್ಟು ಸರಿದಾಗ ಯಾರಿಗೂ ನೋಯುವುದಿಲ್ಲ.

ಅದೇ ಮಾತು ಮನೆಯೊಳಗೆ ಬಂದಾಗ ಒಬ್ಬಳೇ ಸರಿಯುತ್ತಾ ಸರಿಯುತ್ತಾ ಅಂಚಿಗೆ ಹೋಗುವುದನ್ನೂ ಕಂಡಿದ್ದೇನೆ. ಹೊಂದಿಕೊಂಡು ಹೋಗು, ತಗ್ಗಿ ಬಗ್ಗಿ ನಡೆ ಎಂಬ ಬುದ್ಧಿಮಾತು ನಮ್ಮಲ್ಲಿ ಸೊಸೆಗೆ ಸಿಕ್ಕಷ್ಟು ಅತ್ತೆಗೂ ಸಿಕ್ಕಿಲ್ಲ, ಗಂಡನಿಗಂತೂ ಸಿಕ್ಕೇ ಇಲ್ಲ. ಬಗ್ಗಿದವನಿಗೆ ಗುದ್ದು ಹೆಚ್ಚು ಎಂಬ ಗಾದೆಯೂ ನಮ್ಮದೇ. ಬಡಪೆಟ್ಟಿಗೆ ಬಗ್ಗುವವಳಲ್ಲ ಎಂದು ಮೆಚ್ಚಿ ಹೇಳುವುದೂ ನಾವೇ. ನಮ್ಮ ಭಾಷೆ ಬಾಗುವುದನ್ನು ಕಣ್ಣು ಮುಚ್ಚಿ ಹೊಗಳಿಲ್ಲ. ಹೊಂದಾಣಿಕೆ ಎಂಬ ಪದವನ್ನೇ ನೋಡಿ. ಬಾಗಿಲೂ ಚೌಕಟ್ಟೂ ಹೊಂದಬೇಕಾದರೆ ಬಡಗಿ ಎರಡನ್ನೂ ಉಜ್ಜುತ್ತಾನೆ. ಒಂದನ್ನೇ ಉಜ್ಜುತ್ತಾ ಹೋದರೆ ಅದು ಸವೆಯುವುದು, ಹೊಂದುವುದಲ್ಲ.

ನನ್ನ ಮಗಳು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಸೇರುವಾಗ 'ಫ್ಲೆಕ್ಸಿಬಲ್ ಟೈಮಿಂಗ್' ಎಂದಿದ್ದರಂತೆ. ಮಗು ಸ್ಕೂಲಿಂದ ಬರುವ ಹೊತ್ತಿಗೆ ಮನೆಯಲ್ಲಿರಬಹುದು ಎಂದು ಅವಳು ಹಿಗ್ಗಿದ್ದಳು. ಮೂರು ತಿಂಗಳಲ್ಲಿ ಅದರ ಅರ್ಥ ತಿಳಿಯಿತು. ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗ್, ರಾತ್ರಿ ಹನ್ನೊಂದಕ್ಕೆ ಬೇರೆ ದೇಶದವರ ಜೊತೆ ಇನ್ನೊಂದು. ಬಾಗುವುದೆಲ್ಲ ಅವಳ ಪಾಲಿಗೆ ಬಂದಿತ್ತು. ಒಂದು ರಾತ್ರಿ ಫೋನಿನಲ್ಲಿ ಅತ್ತಳು. ನನ್ನ ಬಾಯಿಂದ ತಾನಾಗೇ ಬಂದ ಮಾತು, "ಏನ್ ಮಾಡೋದು ಮಗಳೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗು."

ಅವಳು ಏನೂ ಹೇಳಲಿಲ್ಲ. ಫೋನು ಇಟ್ಟಳು. ಆ ಮಾತು ಆಡಿದ್ದಕ್ಕೆ ನಾನು ಬಹಳ ದಿನ ಸಂಕಟಪಟ್ಟೆ. ಹದ ನೋಡದೆ ಬಗ್ಗಿಸಲು ಹೋಗಿದ್ದೆ. ಮೂವತ್ತು ವರ್ಷ ಪದಗಳನ್ನು ಕಲಿಸಿದವಳು, ನನ್ನ ಮಗಳು ಬಳುಕುತ್ತಿದ್ದಾಳೋ ಮಣಿಯುತ್ತಿದ್ದಾಳೋ ಕುಗ್ಗುತ್ತಿದ್ದಾಳೋ ಎಂದು ಕೇಳಿಸಿಕೊಳ್ಳಲಿಲ್ಲ.

ಗೌರಿಹಬ್ಬದ ಮುಂಚಿನ ತಿಂಗಳು ನಮ್ಮ ಕೇರಿಯಲ್ಲಿ ನಿದ್ದೆ ಇರುತ್ತಿರಲಿಲ್ಲ. ಬಾಗಿನಕ್ಕೆ ಜೋಡಿ ಮೊರ ಬೇಕು, ಊರೆಲ್ಲ ನಮ್ಮ ಜಗಲಿಗೇ ಬರಬೇಕು. ಅಂಥ ಒಂದು ರಾತ್ರಿ, ಲಾಟೀನಿನ ಬೆಳಕಲ್ಲಿ ಅಪ್ಪ ತೊಟ್ಟಿಯಿಂದ ದಬ್ಬೆ ಎತ್ತುವುದನ್ನು ನೋಡುತ್ತಾ ಕೂತಿದ್ದೆ. ಪ್ರತಿಯೊಂದನ್ನೂ ಹೆಣೆಯುವ ಮುಂಚೆ ಎರಡು ತುದಿ ಹಿಡಿದು ಸ್ವಲ್ಪವೇ ಬಾಗಿಸಿ, ಒಂದು ತುದಿಯನ್ನು ಬಿಟ್ಟುಬಿಡುತ್ತಿದ್ದರು. ಅದು ಚಿಮ್ಮಿ ನೆಟ್ಟಗಾದರೆ ಹೆಣಿಗೆಗೆ. ಬಾಗಿದಂತೆಯೇ ನಿಂತರೆ ಪಕ್ಕಕ್ಕೆ.

"ಯಾಕಪ್ಪ ಹಂಗ್ ಬಿಡ್ತೀರಿ?" ಎಂದೆ.

"ವಾಪಸ್ ಬತ್ತದಾ ಅಂತ ನೋಡ್ಬೇಕವ್ವ. ಬಂದ್ರೆ ಅದ್ರಲ್ಲಿ ಇನ್ನೂ ಕಸುವದೆ."

ಮಗಳು ಅತ್ತ ರಾತ್ರಿಯಾಗಿ ಹದಿನೈದು ದಿನಕ್ಕೆ ನಾನೇ ಬೆಂಗಳೂರಿಗೆ ಹೋದೆ. ಸ್ಕೂಲ್ ವ್ಯಾನಿಂದ ಇಳಿಯುವ ಮೊಮ್ಮಗನನ್ನು ಮೂರು ತಿಂಗಳು ನಾನು ಕರೆತಂದೆ. ಅಳಿಯ ರಾತ್ರಿಯ ಅಡಿಗೆಗೆ ನಿಂತ. ಮಗಳು ರಾತ್ರಿಯ ಮೀಟಿಂಗು ವಾರಕ್ಕೆ ಎರಡೇ ಎಂದು ಬರೆದು ಕೇಳಿದಳು, ಕೊನೆಗೆ ಮೂರಕ್ಕೆ ಒಪ್ಪಿದರು. ಬಸ್ಸಿನ ಸೀಟಿನಂತೆ ಎಲ್ಲರೂ ನಾಲ್ಕು ನಾಲ್ಕು ಬೆರಳು ಸರಿದೆವು. ಒಂದು ಭಾನುವಾರ ಅವಳು ಅಡಿಗೆಮನೆಯಲ್ಲಿ ಮಗನ ಜೊತೆ ಜೋರಾಗಿ ನಗುವುದು ಕೇಳಿಸಿತು. ನಾನು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿ ಆ ನಗು ಮುಗಿಯುವವರೆಗೂ ಕೇಳಿದೆ. ವಾಪಸ್ ಬಂದಿತ್ತು.